ಹಡಗು ಹತ್ತುವ ಮುಂಚೆ ಉಶುವಾಯಾ

ಅಂಟಾರ್ಕ್ಟಿಕಾ ನೋಡಲು ಹೋಗುವವರಲ್ಲಿ ಬಹುಪಾಲು ಜನ ಹಡಗು ಹತ್ತುವುದು ಉಶುವಾಯಾದಲ್ಲಿ. ಅರ್ಜೆಂಟೀನಾದ ದಕ್ಷಿಣದ ತುದಿ, ಟಿಯೆರಾ ದೆಲ್ ಫ್ಯೂಗೊ ದ್ವೀಪ. ಹಿಂದೆ ಹಿಮದ ಬೆಟ್ಟ, ಮುಂದೆ ಬೀಗಲ್ ಚಾನೆಲ್ ಅನ್ನುವ ಕಿರಿದಾದ ಸಮುದ್ರದ ಸೀಳು, ನಡುವಿನ ಇಳಿಜಾರಿನಲ್ಲಿ ಊರು. ಇಲ್ಲಿಂದ ಅಂಟಾರ್ಕ್ಟಿಕಾ ಸುಮಾರು 1000 ಕಿ.ಮೀ. ತಮ್ಮದೇ ದೇಶದ ರಾಜಧಾನಿ ಬ್ಯೂನಸ್ ಐರಿಸ್‌ಗೆ ರಸ್ತೆಯಲ್ಲಿ ಹೋದರೆ 3000 ಕಿ.ಮೀ.ಗಿಂತ ಜಾಸ್ತಿ.

ಎಷ್ಟೋ ಜನ ಹಡಗಿನ ಹಿಂದಿನ ರಾತ್ರಿ ಬಂದು ಮಲಗಿ, ಬೆಳಿಗ್ಗೆ ಒಂದು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಮ್ಮ ಹಡಗು ಇದ್ದದ್ದು ಶನಿವಾರ. ನಾವು ಬುಧವಾರವೇ ಬಂದಿಳಿದೆವು. ಹಾಗೆ ಟಿಕೆಟ್ ಮಾಡಿಸಿದ್ದು ಇವರು, ನಮ್ಮ ಮನೆಯವರು. ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. "ಅಷ್ಟು ದೂರ ಹೋಗಿ ಅಲ್ಲಿಯ ಕಾಡು ನೋಡದೆ ಬರೋದುಂಟಾ?" ಅಂತ ಕೂತರು. ಈಗ ಯಾರು ಕೇಳಿದರೂ ನಾನೇ ಹೇಳುತ್ತೇನೆ, ಆ ಊರಿಗೆ ಅಂತಲೇ ಬೇರೆ ದಿನ ಇಟ್ಟುಕೊಳ್ಳಿ ಅಂತ.

ಬುಧವಾರ

ಬೆಂಗಳೂರಿನಿಂದ ದೋಹಾ, ಅಲ್ಲಿಂದ ಬ್ರೆಜಿಲ್‌ನ ಸಾವೊ ಪಾಲೊ ಮೇಲೆ ಬ್ಯೂನಸ್ ಐರಿಸ್. ದೊಡ್ಡ ವಿಮಾನ ಇಳಿಯುವುದು ಊರ ಹೊರಗಿನ ಎಸೇಸಾ ನಿಲ್ದಾಣದಲ್ಲಿ. ನಮ್ಮ ಮುಂದಿನ ವಿಮಾನ ಇದ್ದದ್ದು ನದಿ ದಡದ ಹಳೇ ನಿಲ್ದಾಣದಲ್ಲಿ. ಮಧ್ಯೆ ಇಡೀ ಮಹಾನಗರ ದಾಟಬೇಕು. ಹೋಗುವವರಿಗೆ ಒಂದು ಮಾತು: ಈ ದೇಶಗಳಿಂದ ಭಾರತಕ್ಕೆ ವಾಪಸ್ ಬರುವಾಗ ಹಳದಿ ಜ್ವರದ ಲಸಿಕೆಯ ಪುಸ್ತಕ ಕೇಳುತ್ತಾರೆ. ಚುಚ್ಚಿಸಿಕೊಂಡು 10 ದಿನ ಆದ ಮೇಲೆಯೇ ಅದು ಲೆಕ್ಕಕ್ಕೆ ಬರುವುದು. ಕೊನೆ ಗಳಿಗೆಯಲ್ಲಿ ಓಡಾಡಿದರೆ ಪ್ರಯೋಜನ ಇಲ್ಲ.

ಬ್ಯೂನಸ್ ಐರಿಸ್‌ನಿಂದ ಉಶುವಾಯಾಗೆ ಮೂರೂವರೆ ಗಂಟೆ. ಅರ್ಧ ದಾರಿ ಬರೀ ಕಂದು ಬಯಲು. ಕೊನೆಯ ಹತ್ತು ನಿಮಿಷ ಮಾತ್ರ ಕಿಟಕಿ ಬಿಟ್ಟು ಕದಲಲಾಗಲಿಲ್ಲ. ಹಿಮ ಮೆತ್ತಿದ ಚೂಪು ಬೆಟ್ಟಗಳ ನಡುವೆ ನುಗ್ಗಿ, ನೀರಿನ ಮೇಲೆ ತಿರುಗಿ, ನೀರಿಗೇ ಇಳಿಯುತ್ತಿದ್ದೇವೇನೋ ಅನ್ನುವಷ್ಟರಲ್ಲಿ ಚಕ್ರ ನೆಲ ಮುಟ್ಟಿತು. ಪುಟ್ಟ ನಿಲ್ದಾಣ, ಮರದ ಚಾವಣಿ, ಎಲ್ಲ ಚೆನ್ನಾಗಿತ್ತು. ನಮ್ಮ ಒಂದು ಬ್ಯಾಗು ಮಾತ್ರ ಬರಲಿಲ್ಲ.

ಬೆಲ್ಟು ನಿಂತಿತು, ದೀಪ ಆರಿತು, ಕೌಂಟರಿನಲ್ಲಿದ್ದ ಹುಡುಗಿ ಫಾರಂ ತುಂಬಿಸಿಕೊಂಡು "ನಾಳೆ, ಇಲ್ಲಾಂದ್ರೆ ನಾಡಿದ್ದು" ಅಂದಳು. ಹಡಗಿಗೆ ಬೇಕಾದ ನೀರು ಇಳಿಯದ ಪ್ಯಾಂಟು, ಕೈಗವಸು, ಉಣ್ಣೆ ಕಾಲುಚೀಲ ಎಲ್ಲ ಅದರಲ್ಲೇ ಇದ್ದವು. ಹಿಂದಿನ ರಾತ್ರಿ ಬಂದಿಳಿದವರಿಗೆ ಹೀಗಾದರೆ ಏನು ಗತಿ ಅಂತ ಅಲ್ಲೇ ನಿಂತು ಯೋಚಿಸಿದೆ. ಹಡಗು ಯಾರ ಬ್ಯಾಗಿಗೂ ಕಾಯುವುದಿಲ್ಲ.

ಟ್ಯಾಕ್ಸಿಯವನು ಅರ್ಜೆಂಟೀನಾದ ಉತ್ತರದ ಬಿಸಿಲು ನಾಡಿನವನು. ಇಪ್ಪತ್ತರ ಪ್ರಾಯದಲ್ಲಿ ಇಲ್ಲಿಯ ಟಿವಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಬಂದವನು ಇಲ್ಲೇ ಉಳಿದುಬಿಟ್ಟನಂತೆ. ಪ್ರಪಂಚದ ತುದಿಯಲ್ಲಿ ಟಿವಿ ಯಾಕೆ ಮಾಡುತ್ತಾರೆ ಅಂತ ಆಶ್ಚರ್ಯವಾಗಿ ಕೇಳಿದೆ. 1972ರಲ್ಲಿ ಸರ್ಕಾರ ಈ ದ್ವೀಪಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. ಚಿಲಿ ದೇಶ ಎದುರು ದಡದಲ್ಲೇ ಇದೆ, ಇಲ್ಲಿ ತಮ್ಮ ಜನ ಬಂದು ನೆಲೆಸಬೇಕು ಅನ್ನುವುದೇ ಉದ್ದೇಶ. ಟಿವಿ, ಮೊಬೈಲ್ ಜೋಡಿಸುವ ಕಾರ್ಖಾನೆಗಳು ಬಂದವು, ಜನ ಬಂದರು. ಆಗ ಆರು ಸಾವಿರ ಜನವೂ ಇಲ್ಲದ ಊರಿನಲ್ಲಿ ಈಗ 80 ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಊರೆಲ್ಲ ಪ್ರವಾಸಿಗಳಿಂದಲೇ ಬದುಕುತ್ತದೆ ಅಂದುಕೊಂಡು ಬರುವವರಿಗೆ ಇದು ಹೊಸ ವಿಷಯ.

ನಮ್ಮ ವಸತಿ ಇಳಿಜಾರಿನ ಮೇಲ್ಭಾಗದಲ್ಲಿತ್ತು. ತಗಡಿನ ಗೋಡೆಯ ಬಣ್ಣದ ಮನೆಗಳು, ಅಂಗಳದಲ್ಲಿ ನೇರಳೆ, ಗುಲಾಬಿ ಲುಪಿನ್ ಹೂವಿನ ಗೊಂಚಲು. ನೀರು ಕಾಣುವ ಕೋಣೆ ಬೇಕು ಅಂತ ಇವರು ಕೇಳಿದರು. ಮನೆಯ ಯಜಮಾನಿ, ಎಪ್ಪತ್ತರ ಹೆಂಗಸು, ಫೋನಿನಲ್ಲಿ ಅನುವಾದ ಮಾಡಿ ತೋರಿಸಿದರು: "ಕೊಡುತ್ತೇನೆ, ಆದರೆ ಬಿಸಿಲು ಬರುವುದು ಹಿಂದಿನ ಕೋಣೆಗೆ." ದಕ್ಷಿಣಕ್ಕೆ ಸಮುದ್ರ, ಉತ್ತರಕ್ಕೆ ಬೆಟ್ಟ. ಇಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರದಲ್ಲಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದಕ್ಕೂ ಮುಂಚೆ ಆಗ್ನೇಯದಲ್ಲಿ ಹುಟ್ಟುತ್ತಾನೆ, ಉತ್ತರ ಸುತ್ತಿಕೊಂಡು ರಾತ್ರಿ ಹತ್ತು ಕಳೆದ ಮೇಲೆ ನೈಋತ್ಯದಲ್ಲಿ ಮುಳುಗುತ್ತಾನೆ. ಸೂರ್ಯನ ಕಡೆ ಮುಖ ಮಾಡಿ ನಿಂತರೆ ಅವನು ಸಾಗುವುದು ಬಲದಿಂದ ಎಡಕ್ಕೆ. ಹುಟ್ಟಿದಾಗಿನಿಂದ ಎಡದಿಂದ ಬಲಕ್ಕೆ ನೋಡಿದ ಕಣ್ಣಿಗೆ ದಿಕ್ಕೇ ತಪ್ಪಿದ ಹಾಗಾಗುತ್ತದೆ. ಇವರು ಸಂಜೆಯೆಲ್ಲ ಕಿಟಕಿ ಹತ್ತಿರ ದಿಕ್ಸೂಚಿ ಹಿಡಿದು ನಿಂತಿದ್ದರು.

ಊಟದ ಹೋಟೆಲುಗಳು ಬಾಗಿಲು ತೆಗೆಯುವುದೇ ರಾತ್ರಿ ಎಂಟರ ಹೊತ್ತಿಗೆ. ಇಲ್ಲಿಯ ಹೆಸರುವಾಸಿ ಅಡುಗೆ ಅಂದರೆ ಕೆಂಡದ ಮುಂದೆ ಸುಡುವ ಕುರಿಮರಿ, ಮತ್ತೆ ದೊಡ್ಡ ಕೆಂಪು ಏಡಿ. ನಾವು ಸಸ್ಯಾಹಾರಿಗಳು. ಆದರೂ ಹಸಿದಿರಬೇಕಾಗಲಿಲ್ಲ. ಎಂಪನಾಡ ಅಂತ ಮಡಚಿದ ಕಡುಬಿನಂಥ ತಿನಿಸು ಬೀದಿಬೀದಿಗೂ ಸಿಗುತ್ತದೆ. ಚೀಸು ಈರುಳ್ಳಿಯದು ಒಂದು, ರುಬ್ಬಿದ ಎಳೇ ಜೋಳದ 'ಉಮಿತಾ' ಇನ್ನೊಂದು. ಎರಡೂ ಒಲೆಯಿಂದ ಆಗಷ್ಟೇ ತೆಗೆದವು, ಮೇಲೆ ನಾವು ತಂದ ಚಟ್ನಿಪುಡಿ. ರಾತ್ರಿ ಹನ್ನೊಂದಕ್ಕೂ ಆಕಾಶದಲ್ಲಿ ಬೆಳಕಿತ್ತು. ಪರದೆ ಎಳೆದು ಮಲಗಿದೆವು.

ಗುರುವಾರ

ಊರಿನಿಂದ ಪಶ್ಚಿಮಕ್ಕೆ ಹತ್ತು ಹನ್ನೆರಡು ಕಿ.ಮೀ. ಹೋದರೆ ಟಿಯೆರಾ ದೆಲ್ ಫ್ಯೂಗೊ ರಾಷ್ಟ್ರೀಯ ಉದ್ಯಾನ. 1960ರಲ್ಲಿ ಆದದ್ದು, 63 ಸಾವಿರ ಹೆಕ್ಟೇರ್. ಚಿಲಿಯ ಗಡಿಯವರೆಗೂ ಇದೇ ಕಾಡು. ಒಳಗೆ ಹೋಗಲು ಬಸ್ಸಿದೆ, ಪುಟ್ಟ ರೈಲೂ ಇದೆ. ನಾವು ಹೋಗುವಾಗ ರೈಲು ಹಿಡಿದೆವು.

ಹಳಿಗಳ ನಡುವೆ ಅರ್ಧ ಮೀಟರ್ ಮಾತ್ರ ಅಂತರ, ಉಗಿ ಎಂಜಿನ್, ಡಬ್ಬಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಮಕ್ಕಳು ಖುಷಿಯಿಂದ ಕೂಗುತ್ತಿದ್ದರು. ಆದರೆ ಈ ಹಳಿ ಹಾಕಿದ್ದು ಖುಷಿಗೆ ಅಲ್ಲ. ಊರಿನ ಜೈಲಿನ ಕೈದಿಗಳನ್ನು ಮರ ಕಡಿಯಲು ಕಾಡಿಗೆ ಸಾಗಿಸುತ್ತಿದ್ದ ರೈಲು ಇದು. ಅವರು ಕೂರುತ್ತಿದ್ದದ್ದು ತೆರೆದ ಬಂಡಿಗಳ ಮೇಲೆ, ಹಿಮ ಬೀಳುವಾಗಲೂ. 1952ರಲ್ಲಿ ನಿಂತುಹೋಗಿತ್ತು. 1994ರಲ್ಲಿ ಪ್ರವಾಸಿಗಳಿಗೆ ಅಂತ ಮತ್ತೆ ಶುರುವಾಯಿತು.

ಪೀಪೊ ನದಿ ದಾಟಿದ ಮೇಲೆ ಒಂದು ಬಯಲು ಬರುತ್ತದೆ. ನೂರಾರು ಮರದ ಬುಡಗಳು, ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿ, ಹಾಗೇ ನಿಂತಿವೆ. ಇವರು ಕಿಟಕಿಗೆ ಮುಖ ಒತ್ತಿದರು. "ನೋಡೇ, ಕೆಲವು ಮೊಣಕಾಲಷ್ಟು ಎತ್ತರಕ್ಕೆ ಕಡಿದಿದ್ದಾರೆ, ಕೆಲವು ಎದೆಯ ಎತ್ತರಕ್ಕೆ. ಯಾಕಿರಬಹುದು?" ಸ್ವಲ್ಪ ಹೊತ್ತಿಗೆ ಧ್ವನಿವರ್ಧಕದಲ್ಲೇ ಉತ್ತರ ಬಂತು. ಗಿಡ್ಡ ಬುಡ ಬೇಸಿಗೆಯಲ್ಲಿ ಕಡಿದದ್ದು. ಎತ್ತರದ ಬುಡ ಚಳಿಗಾಲದ್ದು, ಕೈದಿಗಳು ಹಿಮದ ರಾಶಿಯ ಮೇಲೆ ನಿಂತು ಕೊಡಲಿ ಹಾಕಿದ್ದು. ಹಿಮ ಕರಗಿದ ಮೇಲೆ ಬುಡ ಅಷ್ಟು ಎತ್ತರ ಉಳಿಯಿತು. ಆ ವರ್ಷ ಹಿಮ ಎಷ್ಟಿತ್ತು ಅಂತ ಬುಡ ನೋಡಿ ಅಳೆಯಬಹುದು, ಅಲ್ವಾ? ಇವರು ನೋಟ್‌ಬುಕ್ ತೆಗೆದು ಬರೆದುಕೊಂಡರು. ನನಗೆ ಕಣ್ಣ ಮುಂದೆ ಬಂದದ್ದು ಆ ಹಿಮದ ಮೇಲೆ ನಿಂತ ಕಾಲುಗಳು.

ಅಷ್ಟು ವರ್ಷವಾದರೂ ಕಾಡು ಯಾಕೆ ಮತ್ತೆ ಬೆಳೆದಿಲ್ಲ ಅಂತ ಕೇಳಿದೆ. ಇಲ್ಲಿಯ ಮುಖ್ಯ ಮರ ಲೆಂಗಾ. ಚಳಿಗೆ ಬಹಳ ನಿಧಾನ ಬೆಳೆಯುತ್ತದೆ. ತೇಗದ ಹಾಗೆ ಕಡಿದ ಬುಡದಿಂದ ಚಿಗುರುವ ಮರ ಅಲ್ಲ. ಇದೇ ಕಾರಣಕ್ಕೆ ಇನ್ನೊಂದು ಅನಾಹುತವೂ ಆಗಿದೆ, ಬೀವರ್ ಅನ್ನುವ ಇಲಿ ಜಾತಿಯ ದೊಡ್ಡ ಪ್ರಾಣಿಗಳಿಂದ. 1946ರಲ್ಲಿ ತುಪ್ಪಳದ ವ್ಯಾಪಾರ ಬೆಳೆಸಬೇಕು ಅಂತ ಕೆನಡಾದಿಂದ 20 ಬೀವರ್ ತಂದು ಬಿಟ್ಟರು. ವ್ಯಾಪಾರ ಬೆಳೆಯಲಿಲ್ಲ, ಬೀವರ್ ಬೆಳೆದವು. ಅವನ್ನು ತಿನ್ನುವ ತೋಳ, ಕರಡಿ ಇಲ್ಲಿಲ್ಲ. ಹಲ್ಲಿನಿಂದ ಮರ ಕೊರೆದು ಬೀಳಿಸಿ ಹಳ್ಳಕ್ಕೆ ಅಡ್ಡ ಕಟ್ಟೆ ಕಟ್ಟುತ್ತವೆ. ಹಿನ್ನೀರಿನಲ್ಲಿ ಬೇರು ಕೊಳೆತು ಉಳಿದ ಮರಗಳೂ ಸಾಯುತ್ತವೆ. ಕೆನಡಾದ ಮರಗಳಾದರೆ ಮತ್ತೆ ಚಿಗುರುತ್ತವೆ, ಲೆಂಗಾ ಚಿಗುರುವುದಿಲ್ಲ. ಈಗ ದ್ವೀಪಸಮೂಹದ ತುಂಬ ಹರಡಿ, ಸಮುದ್ರದ ಸೀಳು ಈಜಿ ದಾಟಿ ಚಿಲಿಯ ಮುಖ್ಯ ನೆಲಕ್ಕೂ ಹೋಗಿವೆ.

ರೈಲು ಇಳಿದು ನಡೆದಾಗ ಅಂಥ ಒಂದು ಕಟ್ಟೆ ಹತ್ತಿರದಿಂದ ನೋಡಿದೆವು. ಕೊಂಬೆ, ಕೆಸರು, ಕಲ್ಲು ಒತ್ತಿ ಒತ್ತಿ ಕಟ್ಟಿದ ಗಟ್ಟಿ ಗೋಡೆ. ಪಕ್ಕದ ಮರಕ್ಕೆ ಬೆರಳಗಲದ ಹಲ್ಲಿನ ಗೀರುಗಳು. ಹಿಂದೆ ಕಣ್ಣು ಹಾಯುವಷ್ಟು ದೂರ ಒಣಗಿ ನಿಂತ ಕಾಡು. ಇವರು ಬಹಳ ಹೊತ್ತು ಮಾತಾಡಲಿಲ್ಲ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಕೀಳಿಸಿ ಕೀಳಿಸಿ ಸೋತವರು. ಅದೂ ಯಾರೋ ಅಂದಕ್ಕೆ ಅಂತ ತಂದ ಗಿಡವೇ. "ತರುವಾಗ ಒಂದು ಸಹಿ ಸಾಕು. ತೆಗೆಯೋಕೆ ಮೂರು ತಲೆಮಾರು ಸಾಲಲ್ಲ" ಅಂದರು.

ಬದುಕಿರುವ ಕಾಡೂ ಬೇಕಾದಷ್ಟಿದೆ. ಮರಗಳಿಗೆ ಅಲ್ಲಲ್ಲಿ ಗಂಟು, ಗಂಟಿನ ಮೇಲೆ ಗೋಲಿಯಷ್ಟು ದಪ್ಪದ ಕಿತ್ತಳೆ ಬಣ್ಣದ ಅಣಬೆ ಗೊಂಚಲು. ಹಿಂದೆ ಇಲ್ಲಿಯ ಮೂಲ ಜನ ಇದನ್ನು ತಿನ್ನುತ್ತಿದ್ದರು. ಹಸಿರು ಗಿಳಿಗಳ ಗುಂಪೊಂದು ಕಿರುಚಿಕೊಂಡು ಹಾರಿಹೋಯಿತು. ಹಿಮದ ಬೆಟ್ಟದ ಕೆಳಗೆ ಗಿಳಿ! ಜಗತ್ತಿನಲ್ಲಿ ಇಷ್ಟು ದಕ್ಷಿಣದಲ್ಲಿ ಬದುಕುವ ಗಿಳಿ ಬೇರೆ ಇಲ್ಲ.

ಲಪತಾಯಾ ಕೊಲ್ಲಿಯಲ್ಲಿ 3ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಮುಗಿಯುತ್ತದೆ. ಮರದ ಫಲಕದ ಮೇಲೆ ಬ್ಯೂನಸ್ ಐರಿಸ್ 3079 ಕಿ.ಮೀ., ಅಲಾಸ್ಕಾ 17,848 ಕಿ.ಮೀ. ಅಂತ ಬರೆದಿದೆ. ಫೋಟೊಗೆ ಸಾಲು. ನನಗೆ ಹಿಡಿಸಿದ್ದು ಆ ಫಲಕ ಅಲ್ಲ, ಅದರಿಂದ ಸ್ವಲ್ಪ ಆಚೆ ದಡದ ಹುಲ್ಲಿನಲ್ಲಿರುವ ತಗ್ಗುಗಳು. ನಡುವೆ ಗುಂಡಿ, ಸುತ್ತ ಹುಲ್ಲು ಮುಚ್ಚಿದ ಬಳೆಯಾಕಾರದ ದಿಬ್ಬ. ಮಣ್ಣು ಜಾರಿದ ಕಡೆ ಬಗ್ಗಿ ನೋಡಿದರೆ ಒಳಗೆಲ್ಲ ಚಿಪ್ಪು, ಪದರದ ಮೇಲೆ ಪದರ. ಯಾಘನ್ ಅನ್ನುವ ಮೂಲ ಜನ ಗುಡಿಸಲು ಹಾಕಿಕೊಂಡಿದ್ದ ಜಾಗ ಅದು. ಚಿಪ್ಪಿನ ಮಾಂಸ ತಿಂದು ಚಿಪ್ಪನ್ನು ಬಾಗಿಲಾಚೆ ಎಸೆದು ಎಸೆದು ದಿಬ್ಬವಾಗಿದೆ. ಈ ದಡದಲ್ಲಿ ಸುಮಾರು ಆರು ಸಾವಿರ ವರ್ಷದ ಹಿಂದಿನಿಂದ ಜನ ಬದುಕಿದ್ದಾರೆ. ಮರದ ತೊಗಟೆಯ ದೋಣಿ, ದೋಣಿಯ ನಡುವೆ ಮಣ್ಣಿನ ಮೇಲೆ ಸದಾ ಉರಿಯುವ ಬೆಂಕಿ. 1520ರಲ್ಲಿ ಮೆಗೆಲನ್‌ನ ಹಡಗಿನವರು ದಡದಲ್ಲಿ ಇಂಥ ಬೆಂಕಿಗಳನ್ನು ಕಂಡೇ ಇದನ್ನು ಬೆಂಕಿಯ ನಾಡು ಅಂತ ಕರೆದರು. ದೋಣಿ ನಡೆಸುತ್ತಿದ್ದವರು ಹೆಂಗಸರು. ಈ ಕೊರೆಯುವ ನೀರಿಗೆ ಮುಳುಗಿ ಚಿಪ್ಪು ತರುತ್ತಿದ್ದವರೂ ಅವರೇ. ಮೈಗೆ ಕಡಲಸಿಂಹದ ಕೊಬ್ಬು ಬಳಿದುಕೊಂಡರೆ ಅದೇ ರಕ್ಷಣೆ. ನಾನು ಬೆರಳು ಅದ್ದಿ ನೋಡಿದೆ. ಹತ್ತು ಎಣಿಸುವಷ್ಟರಲ್ಲಿ ಗೆಣ್ಣು ಸಿಡಿಯುವಷ್ಟು ನೋವು.

ಶುಕ್ರವಾರ

ಬ್ಯಾಗಿನ ಸುದ್ದಿ ಇಲ್ಲ. ಬೆಳಿಗ್ಗೆ ಮುಖ್ಯ ಬೀದಿ ಸಾನ್ ಮಾರ್ಟಿನ್‌ಗೆ ಹೋಗಿ, ಚಳಿ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಪ್ಯಾಂಟು, ಕೈಗವಸು ನೋಡಿ ಅಳತೆ ಎತ್ತಿಡಿಸಿದೆವು. ಇಂಥ ಅಂಗಡಿಗಳು ಅಲ್ಲಿ ಹಲವು ಇವೆ. ಬೂಟು, ದಪ್ಪ ಕೋಟು ಹಡಗಿನವರೇ ಕೊಡುವುದರಿಂದ ಉಳಿದದ್ದು ಹೇಗೋ ನಡೆಯುತ್ತದೆ. ಮನಸ್ಸು ಹಗುರವಾಯಿತು.

ಆಮೇಲೆ ಜೈಲು. ಉಶುವಾಯಾದಲ್ಲಿ ಒಂದೇ ಒಂದು ಕಡೆ ಹೋಗಲು ಸಮಯ ಇರುವವರಿಗೆ ನಾನು ಇದನ್ನೇ ಹೇಳುವುದು. ಅರ್ಜೆಂಟೀನಾ ಸರ್ಕಾರ 1884ರಲ್ಲಿ ಇಲ್ಲಿ ಬಾವುಟ ಹಾರಿಸಿತು. ಆದರೆ ನೆಲೆಸಲು ಯಾರು ಬರುತ್ತಾರೆ? ಕೈದಿಗಳನ್ನು ಕಳಿಸಿತು. 1902ರಲ್ಲಿ ಜೈಲು ಕಟ್ಟಲು ಶುರು ಮಾಡಿದವರು ಕೈದಿಗಳೇ, ತಾವಿರುವ ಕಲ್ಲುಗೋಡೆ ತಾವೇ ಎಬ್ಬಿಸಿದರು. ಊರಿನ ರಸ್ತೆ, ಸೇತುವೆಗಳಲ್ಲೂ ಅವರ ದುಡಿಮೆ ಇದೆ. ನಡುವೆ ಒಂದು ಹಜಾರ, ಅದರಿಂದ ಐದು ದಿಕ್ಕಿಗೆ ಚಾಚಿದ ಐದು ಸಾಲು, ಒಟ್ಟು 380 ಕೋಣೆ. 1947ರಲ್ಲಿ ಅಧ್ಯಕ್ಷ ಪೆರೋನ್ ಸರ್ಕಾರ ಮುಚ್ಚಿಸಿತು. ಈಗ ವಸ್ತುಸಂಗ್ರಹಾಲಯ.

ನಾಲ್ಕು ಸಾಲುಗಳನ್ನು ರಿಪೇರಿ ಮಾಡಿ ಬಳಸುತ್ತಿದ್ದಾರೆ. ಒಂದನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದಾರೆ, ಬಣ್ಣ ಇಲ್ಲ, ಹೀಟರ್ ಇಲ್ಲ. ಅದರೊಳಗೆ ಕಾಲಿಟ್ಟ ತಕ್ಷಣ ಚಳಿ ಬೂಟಿನೊಳಗೆ ಏರಿತು. ಗೋಡೆಯ ಸುಣ್ಣ ಎಲೆ ಎಲೆಯಾಗಿ ಎದ್ದಿದೆ. ಹೆಚ್ಚುಕಡಿಮೆ ಎರಡು ಮೀಟರ್ ಚೌಕದ ಕೋಣೆ, ಕೈಗೆಟುಕದ ಎತ್ತರದಲ್ಲಿ ಕಿಟಕಿ. ಇವರು ಒಳಗೆ ಹೋಗಿ ಎರಡೂ ಕೈ ಚಾಚಿದರು, ಬೆರಳ ತುದಿ ಗೋಡೆ ಮುಟ್ಟಲು ಸ್ವಲ್ಪವೇ ಕಡಿಮೆ. ಬೇಸಿಗೆಯಲ್ಲೇ ಹೀಗಾದರೆ ಜೂನ್ ಜುಲೈನಲ್ಲಿ ಹೇಗಿರಬೇಡ?

ಸಿಮೋನ್ ರಾಡೊವಿಟ್ಸ್ಕಿ ಅನ್ನುವ ಹುಡುಗ ಇಲ್ಲಿದ್ದ. ಬ್ಯೂನಸ್ ಐರಿಸ್‌ನಲ್ಲಿ ಕಾರ್ಮಿಕರ ಮೆರವಣಿಗೆಯ ಮೇಲೆ ಗುಂಡು ಹಾರಿಸಿದ್ದಕ್ಕೆ ಸೇಡು ಅಂತ 1909ರಲ್ಲಿ ಪೊಲೀಸ್ ಮುಖ್ಯಸ್ಥನ ಮೇಲೆ ಬಾಂಬು ಎಸೆದವನು. ವಯಸ್ಸು ಚಿಕ್ಕದೆಂದು ಗಲ್ಲು ತಪ್ಪಿತು. 1918ರಲ್ಲಿ ತಪ್ಪಿಸಿಕೊಂಡು ಸಮುದ್ರದ ದಾರಿಯಲ್ಲಿ ಚಿಲಿ ಕಡೆ ಹೋದ. ಹಿಡಿದು ತಂದರು. 1930ರಲ್ಲಿ ಕ್ಷಮಾದಾನ ಸಿಗುವವರೆಗೂ ಒಳಗೇ ಇದ್ದ. ಅವನ ತಪ್ಪು ಏನೇ ಇರಲಿ, ಇಪ್ಪತ್ತರ ಪ್ರಾಯ, ಮೂವತ್ತರ ಪ್ರಾಯ ಎಲ್ಲ ಆ ಚೌಕದಲ್ಲಿ ಕಳೆಯಿತಲ್ಲ ಅಂತ ಸಂಕಟವಾಯಿತು.

ಅದೇ ಕಟ್ಟಡದ ಮಹಡಿಯಲ್ಲಿ ಅಂಟಾರ್ಕ್ಟಿಕಾ ವಿಭಾಗ ಇದೆ. ದಕ್ಷಿಣ ಆರ್ಕ್ನಿ ದ್ವೀಪದ ಒಂದು ನೆಲೆಯನ್ನು ಅರ್ಜೆಂಟೀನಾ 1904ರಿಂದ ಒಂದು ವರ್ಷವೂ ಬಿಡದೆ ನಡೆಸಿಕೊಂಡು ಬಂದಿದೆ. ನಾವು ನೋಡಲಿರುವ ಅಂಟಾರ್ಕ್ಟಿಕಾದ ಚಾಚು (ಪರ್ಯಾಯ ದ್ವೀಪ) ತಮ್ಮದು ಅಂತ ಅರ್ಜೆಂಟೀನಾ, ಚಿಲಿ, ಬ್ರಿಟನ್ ಮೂರೂ ಹೇಳುತ್ತವೆ. 1959ರ ಒಪ್ಪಂದ ಆ ಜಗಳವನ್ನು ಹಾಗೇ ತಡೆದು ನಿಲ್ಲಿಸಿ, ಅಲ್ಲಿ ಸೈನ್ಯ ಬೇಡ, ವಿಜ್ಞಾನ ನಡೆಯಲಿ ಅಂದಿತು. ನಮ್ಮ ದೇಶವೂ 1983ರಲ್ಲಿ ಅದಕ್ಕೆ ಸೇರಿತು. ನಮ್ಮ ಮೈತ್ರಿ, ಭಾರತಿ ನೆಲೆಗಳು ಇರುವುದು ಖಂಡದ ಬೇರೆ ಮಗ್ಗುಲಲ್ಲಿ, ಅಲ್ಲಿಗೆ ದಾರಿ ಕೇಪ್‌ಟೌನ್ ಮೇಲೆ.

ಮಧ್ಯಾಹ್ನ ದೋಣಿಯಲ್ಲಿ ಬೀಗಲ್ ಚಾನೆಲ್ ಸುತ್ತಿ ಬಂದೆವು. 1920ರ ಕೆಂಪು ಬಿಳಿ ದೀಪಸ್ತಂಭ, ಬಂಡೆ ತುಂಬ ಕಡಲಸಿಂಹ, ಪಕ್ಕದ ಬಂಡೆಯಲ್ಲಿ ಕಪ್ಪು ಬಿಳುಪು ನೀರುಕಾಗೆಗಳ ಸಂತೆ. ಚೆನ್ನಾಗಿತ್ತು. ಹಡಗಿನಲ್ಲಿ ಹೋಗುವವರಿಗೆ ಅದೇ ನೀರು ಮತ್ತೆ ಸಿಗುವುದರಿಂದ ಸಮಯ ಕಡಿಮೆ ಇದ್ದರೆ ಬಿಡಬಹುದು.

ಸಂಜೆ ದಡದ ಚೌಕದಲ್ಲಿ ಮಾಲ್ವಿನಾಸ್ ಯುದ್ಧದ ಸ್ಮಾರಕ ನೋಡಿದೆವು. ನಾವು ಶಾಲೆಯಲ್ಲಿ ಫಾಕ್‌ಲ್ಯಾಂಡ್ ಅಂತ ಓದಿದ್ದ ದ್ವೀಪಗಳಿಗಾಗಿ ಬ್ರಿಟನ್ ಜತೆ ನಡೆದದ್ದು. 1982ರಲ್ಲಿ ಜನರಲ್ ಬೆಲ್ಗ್ರಾನೊ ಅನ್ನುವ ಯುದ್ಧನೌಕೆ ಕೊನೆಯ ಸಲ ಹೊರಟದ್ದು ಇದೇ ಬಂದರಿನಿಂದ. ಮೇ 2ರಂದು ಬ್ರಿಟನ್ನಿನ ಸಬ್‌ಮರೀನ್ ಅದನ್ನು ಮುಳುಗಿಸಿತು, 323 ಜನ ಸತ್ತರು. ಬಹಳ ಮಂದಿ ಹದಿನೆಂಟು, ಇಪ್ಪತ್ತರ ಹುಡುಗರು. ಸಣ್ಣ ಮಳೆ ಶುರುವಾಗಿತ್ತು. ಒಬ್ಬ ಮುದುಕರು ಟೊಪ್ಪಿ ತೆಗೆದು ಹೆಸರುಗಳ ಮುಂದೆ ನಿಂತಿದ್ದರು. ನಾವೂ ಅವರ ಹಿಂದೆ ನಿಂತೆವು.

ಶನಿವಾರ

ಬೆಳಿಗ್ಗೆ ಯಜಮಾನಿ ಬಾಗಿಲು ಬಡಿದರು. ಕೈಯಲ್ಲಿ ನಮ್ಮ ಬ್ಯಾಗು! ಮೊದಲ ವಿಮಾನದಲ್ಲಿ ಬಂದಿತ್ತಂತೆ. ನನಗಿಂತ ಅವರಿಗೇ ಖುಷಿ ಜಾಸ್ತಿ. ಕೂರಿಸಿ 'ಮಾತೆ' ಅನ್ನುವ ಇಲ್ಲಿಯ ಪಾನೀಯ ಕುಡಿಸಿದರು. ಸೋರೆ ಬುರುಡೆಯಲ್ಲಿ ಎಲೆಪುಡಿ, ಮೇಲೆ ಬಿಸಿನೀರು, ಲೋಹದ ಕೊಳವೆಯಲ್ಲಿ ಹೀರಬೇಕು. ಕಹಿ ಇದೆ. ಎಲ್ಲರೂ ಒಂದೇ ಕೊಳವೆಯಲ್ಲಿ ಕುಡಿಯುತ್ತಾರೆ. ಎಂಜಲು ಅಂತ ಇವರು ಹಿಂಜರಿಯಬಹುದು ಅಂದುಕೊಂಡಿದ್ದೆ. ಎರಡು ಸಲ ತುಂಬಿಸಿಕೊಂಡು ಕುಡಿದರು.

ನಾಲ್ಕು ಗಂಟೆಗೆ ಬಂದರಿನಲ್ಲಿ ತಪಾಸಣೆ, ಹಡಗಿನ ಏಣಿ. ಇನ್ನೂರಕ್ಕಿಂತ ಕಡಿಮೆ ಜನರ ಹಡಗನ್ನೇ ನಾವು ಆರಿಸಿದ್ದೆವು. ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಜನ ಮಾತ್ರ ಇಳಿಯಬಹುದು. 500ಕ್ಕಿಂತ ಹೆಚ್ಚು ಜನರ ಹಡಗಾದರೆ ಯಾರನ್ನೂ ಇಳಿಸುವುದೇ ಇಲ್ಲ. ಈ ಲೆಕ್ಕ ತಿಳಿಯದೆ ಟಿಕೆಟ್ ತೆಗೆದರೆ ಅಷ್ಟು ದೂರ ಹೋಗಿ ಡೆಕ್ಕಿನಿಂದಲೇ ನೋಡಿ ಬರಬೇಕಾಗುತ್ತದೆ. ಬೂಟು, ಜೇಬು, ಬ್ಯಾಗಿನ ಮೂಲೆ ಎಲ್ಲ ಉಜ್ಜಿ ಬೀಜ, ಮಣ್ಣು ತೆಗೆಯಬೇಕು ಅಂತ ಸೂಚನೆ ಕೊಟ್ಟರು. ಬೀವರ್ ಕಟ್ಟೆ ನೋಡಿ ಬಂದವರಿಗೆ ಯಾಕೆ ಅಂತ ಕೇಳಬೇಕಾಗಿರಲಿಲ್ಲ. ಇವರು ಕೋಣೆಗೆ ಹೋಗಿದ್ದೇ ಜೇಬು ಹೊರಳಿಸಿ ಚಿಮಟ ಹಿಡಿದು ಕೂತರು.

ಜೀವರಕ್ಷಕ ಜಾಕೆಟ್ ತೊಟ್ಟು ಅಭ್ಯಾಸ ಮುಗಿಸುವಷ್ಟರಲ್ಲಿ ಹಡಗು ಹೊರಟಿತು. ಎಡಕ್ಕೆ ಅರ್ಜೆಂಟೀನಾ, ಬಲಕ್ಕೆ ಚಿಲಿ. ಬಲಗಡೆ ಪುಯೆರ್ಟೊ ವಿಲಿಯಮ್ಸ್ ಬಂತು, ಸಾಲು ಮನೆ, ಹಿಂದೆ ಗರಗಸದ ಹಲ್ಲಿನ ಬೆಟ್ಟ. ಉಶುವಾಯಾಗಿಂತ ಇನ್ನೂ ದಕ್ಷಿಣದಲ್ಲಿದೆ. 2019ರಲ್ಲಿ ಚಿಲಿ ಅದಕ್ಕೆ ನಗರದ ಪಟ್ಟ ಕೊಟ್ಟ ಮೇಲೆ ಕೊನೆಯ ನಗರ ಯಾವುದು ಅನ್ನುವ ಪೈಪೋಟಿ ನಡೆದೇ ಇದೆ. ಅದರ ಪಕ್ಕದ ಉಕಿಕಾ ಅನ್ನುವ ಕೇರಿಯಲ್ಲಿ ಯಾಘನ್ ಮನೆತನಗಳು ಈಗಲೂ ಇವೆ. ಆ ಭಾಷೆಯನ್ನು ತಾಯಿಯಿಂದ ಕಲಿತು ಮಾತಾಡುತ್ತಿದ್ದ ಕೊನೆಯವರು ಕ್ರಿಸ್ಟಿನಾ ಕಾಲ್ದೆರೋನ್ ಅಲ್ಲಿದ್ದರು. 2022ರ ಫೆಬ್ರವರಿಯಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಥಾಮಸ್ ಬ್ರಿಜಸ್ ಅನ್ನುವ ಪಾದ್ರಿ ಉಶುವಾಯಾದಲ್ಲಿ ಕೂತು ಆ ಭಾಷೆಯ ಸುಮಾರು 32 ಸಾವಿರ ಪದ ಬರೆದಿಟ್ಟಿದ್ದಾರೆ. ಅವರು ಬರೆಯುತ್ತಿದ್ದ ಕಾಲದಲ್ಲೇ, 1880ರ ದಶಕದಲ್ಲಿ, ದಡಾರ ಬಂದು ಆ ಜನರಲ್ಲಿ ಬಹಳಷ್ಟು ಮಂದಿ ಸತ್ತರು. ಡೆಕ್ಕಿನ ಮೇಲೆ ಎಲ್ಲರೂ ಬೆಟ್ಟದ ಫೋಟೊ ತೆಗೆಯುತ್ತಿದ್ದರು. ನಾನು ಮನೆಗಳನ್ನೇ ನೋಡುತ್ತಿದ್ದೆ.

ಊಟದ ಹೊತ್ತಿಗೆ ಕ್ಯಾಪ್ಟನ್ ಮೈಕಿನಲ್ಲಿ, ಅಂಟಾರ್ಕ್ಟಿಕಾಗೆ ಹೋಗಲು ದಾಟಬೇಕಾದ ಡ್ರೇಕ್ ಪ್ಯಾಸೇಜ್ ಅನ್ನುವ ತೆರೆದ ಸಮುದ್ರದ ಸುದ್ದಿ ಕೊಟ್ಟರು: ಮಧ್ಯರಾತ್ರಿ ಮೇಲೆ ನಾಲ್ಕು ಮೀಟರ್ ಅಲೆ, ಮೇಜಿನ ಮೇಲೆ ಏನೂ ಬಿಡಬೇಡಿ, ನಡೆಯುವಾಗ ಒಂದು ಕೈ ಸದಾ ಕಂಬಿ ಹಿಡಿದಿರಲಿ. ಮಾತ್ರೆ ನುಂಗಿದೆವು. ಕನ್ನಡಕ, ನೀರಿನ ಬಾಟಲಿ, ಚಟ್ನಿಪುಡಿ ಡಬ್ಬಿ ಎಲ್ಲ ಡ್ರಾಯರಿಗೆ ಸೇರಿಸಿದೆ. ದಾರಿ ತೋರಿಸಲು ಹತ್ತಿದ್ದ ಪೈಲಟ್ ಚಾನೆಲ್ ಮುಗಿಯುವಲ್ಲಿ ಸಣ್ಣ ದೋಣಿಗೆ ಇಳಿದುಹೋದರು. ಆಮೇಲೆ ಹಡಗು ತೂಗಲು ಶುರುವಾಯಿತು. ಇವರು ಹೊದಿಕೆ ಎಳೆದುಕೊಂಡು, "ತಿಂಡಿ ಏಳೂವರೆಗಂತೆ, ಎಬ್ಬಿಸು" ಅಂದರು.